ಮೇಲಿನ ಖಾಲಿ ಹುದ್ದೆಯಿಂದ ಕೆಳಕ್ಕೆ: ಅಧಿಕಾರಿಗಳ ಭರ್ತಿ–ಬಡ್ತಿ ಲೆಕ್ಕ ಕೂಡಿಬಂದ ಬಗೆ

ಸೇನಾಧಿಕಾರಿಗಳ ಭರ್ತಿ ಮತ್ತು ಬಡ್ತಿಯ ಮೂವತ್ತು ವರ್ಷದ ಲೆಕ್ಕವನ್ನು ಸಾದಾ ಸ್ಪ್ರೆಡ್‌ಶೀಟಿನಲ್ಲಿ ಕೂರಿಸಬಹುದು ಎಂದಾಗ ಮಂಗಳೂರಿನ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಅವರಲ್ಲಿ ಸೇನೆಯಿಂದ ನಿವೃತ್ತರಾದವರಿದ್ದಾರೆ, ಬ್ಯಾಂಕುಗಳಲ್ಲಿ ಬಡ್ತಿ ಪಟ್ಟಿ ಮಾಡಿ ಮಾಡಿ ತಲೆ ನರೆತವರಿದ್ದಾರೆ. ಈಗ ಹಾಳೆ ಕೂಡಿಬಂದಿದೆ, ಅವರೇ ಪ್ರತಿ ಕೇಳುತ್ತಿದ್ದಾರೆ. ನಿಯಮಗಳು ನಮ್ಮ ಭೂಸೇನೆಯವು, ದಳ ಮಾತ್ರ ಕಲ್ಪಿತ: ಮಂಜೂರಾದ ಹುದ್ದೆ ಸುಮಾರು 1,200, ವರ್ಷಕ್ಕೆ 50 ಕಾಯಂ ಕಮಿಷನ್ (ನಿವೃತ್ತಿಯವರೆಗಿನ ಅಧಿಕಾರಿ ನೇಮಕ), ಕೊರತೆ 220ರ ಹತ್ತಿರ.

ಅಡ್ಡಕ್ಕೆ ಲೆಫ್ಟಿನೆಂಟಿನಿಂದ ಲೆಫ್ಟಿನೆಂಟ್ ಜನರಲ್‌ವರೆಗೆ 8 ಕಾಲಂ, ಕೆಳಕ್ಕೆ ಸೇವೆಯ ವರ್ಷ 0ಯಿಂದ 38. ವರ್ಷಕ್ಕೊಂದು ಹಾಳೆ. 2 ವರ್ಷಕ್ಕೆ ಕ್ಯಾಪ್ಟನ್, 6ಕ್ಕೆ ಮೇಜರ್, 13ಕ್ಕೆ ಲೆಫ್ಟಿನೆಂಟ್ ಕರ್ನಲ್. ಇವು ಕಾಲ ತುಂಬಿದರೆ ಸಿಗುವ ದರ್ಜೆಗಳು, ಸೂತ್ರ ಸಲೀಸು. ಮಂಡೆಬಿಸಿ ಶುರುವಾಗುವುದು ಕರ್ನಲ್‌ನಿಂದ. ಅಲ್ಲಿಂದ ಮೇಲೆ ಆಯ್ಕೆ ಬೋರ್ಡು, ಪ್ರತಿಯೊಬ್ಬರಿಗೂ ಮೂರು ಅವಕಾಶ.

ಮೊದಲ ಸೋಲು ಶೇಕಡಾವಾರು ಲೆಕ್ಕದ್ದು. ವರ್ಷಕ್ಕೆ ಶೇ. 1.5ರಷ್ಟು ಜನ ಬಿಟ್ಟುಹೋದರೆ 50ರ ಬ್ಯಾಚಿನಲ್ಲಿ 16ನೇ ವರ್ಷಕ್ಕೆ ಉಳಿಯುವವರು 39. ಕರ್ನಲ್ ಖಾಲಿ ಹುದ್ದೆ ವರ್ಷಕ್ಕೆ 16, ಅಂದರೆ ಶೇ. 41. ಆ 41ನ್ನೇ ಕಾಯಂ ದರವೆಂದು ಹಾಕಿದ್ದು ತಪ್ಪಾಯಿತು. ಕೊರತೆ ತುಂಬಲು ನಾಲ್ಕು ವರ್ಷ 105ರಂತೆ ತೆಗೆದುಕೊಂಡ ಬ್ಯಾಚುಗಳು ಬೋರ್ಡಿಗೆ ಬಂದಾಗ ತಲಾ 82 ಜನ, ಹಾಳೆ ಅದರಲ್ಲಿ 34 ಮಂದಿಗೆ ಬಡ್ತಿ ಕೊಟ್ಟುಬಿಟ್ಟಿತು. ಹುದ್ದೆ ಇರುವುದು 16! ಇದನ್ನು ಸರಿಪಡಿಸಲೆಂದು ಒಂದು ಸಿಮ್ಯುಲೇಷನ್ ತಂತ್ರಾಂಶಕ್ಕೆ ಅರುವತ್ತು ಎಪ್ಪತ್ತು ಸಾವಿರ ಸುರಿದದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವಿಚಿದಂತಾಯಿತು. ಅದೂ ಕೇಳುವುದು ಅದೇ ಶೇಕಡಾವಾರು ದರವನ್ನು. ಈಗ ಬಳಸುವ ಲಿಬ್ರೆಆಫೀಸಿಗೆ ಒಂದು ಪೈಸೆ ಖರ್ಚಿಲ್ಲ.

ಬಡ್ತಿಯನ್ನು ಎಳೆಯುವುದು ಮೇಲಿನ ಖಾಲಿ ಹುದ್ದೆ, ಕೆಳಗಿನ ಜನಸಂಖ್ಯೆ ಅಲ್ಲ. ಆದ್ದರಿಂದ ಲೆಕ್ಕದ ಕ್ರಮ ತಿರುಗಿಸಬೇಕು. ಮೊದಲು ವಯೋನಿವೃತ್ತಿ: ಕರ್ನಲ್‌ವರೆಗೆ 54, ಬ್ರಿಗೇಡಿಯರ್ 56, ಮೇಜರ್ ಜನರಲ್ 58, ಲೆಫ್ಟಿನೆಂಟ್ ಜನರಲ್ 60. ಆಮೇಲೆ ತಾವಾಗಿ ಬಿಡುವವರು. ಅನಂತರ ಲೆಫ್ಟಿನೆಂಟ್ ಜನರಲ್ ಕಾಲಂನ ಖಾಲಿ ಹುದ್ದೆ ತುಂಬಿ, ಅದು ಕೆಳಗೆ ಬಿಟ್ಟ ಜಾಗವನ್ನು ಸೇರಿಸಿಕೊಳ್ಳುತ್ತ ಕರ್ನಲ್‌ವರೆಗೆ ಇಳಿಯಬೇಕು. ಕಾಲಬದ್ಧ ಬಡ್ತಿ ಅದರ ನಂತರ, ಹೊಸ ಭರ್ತಿ ಕಟ್ಟಕಡೆಗೆ. ಕೆಳಗಿನಿಂದ ಹತ್ತಿದರೆ ಒಂದು ನಿವೃತ್ತಿಯ ಪರಿಣಾಮ ಕರ್ನಲ್ ಕಾಲಂ ಮುಟ್ಟುವಾಗ ಮೂರು ವರ್ಷ ತಡ. 22ನೇ ವಯಸ್ಸಿಗೆ ಕಮಿಷನ್ ಆದವರಿಗೆ 54 ಎಂದರೆ 32ನೇ ಸಾಲು. ಪದವಿ ಮುಗಿಸಿ 24ಕ್ಕೆ ಬಂದವರಿಗೆ 30ನೆಯದು. ಇಬ್ಬರನ್ನೂ ಒಂದೇ ಚೌಕದಲ್ಲಿ ಹಾಕಬೇಡಿ. 26 ವರ್ಷಕ್ಕೆ ಕಾಲಬದ್ಧವಾಗಿ ಕರ್ನಲ್ ಆಗುವವರಿಗೂ ಪ್ರತ್ಯೇಕ ಕಾಲಂ ಬೇಕು. ಅವರು ಆಯ್ಕೆಯ ಕರ್ನಲ್ ಹುದ್ದೆ ತುಂಬುವುದಿಲ್ಲ. ಬೆರೆಸಿದರೆ ಖಾಲಿ ಹುದ್ದೆಗಳೇ ಕಾಣೆಯಾಗುತ್ತವೆ.

ಬಿಟ್ಟುಹೋಗುವ 1.5 ಕೂಡ ಬರೀ ಸರಾಸರಿ. 20 ವರ್ಷಕ್ಕೆ ಪಿಂಚಣಿ ಅರ್ಹತೆ ಬರುತ್ತದೆ, ಕೊನೆಯ ಬೋರ್ಡಿನಲ್ಲಿ ಆಗದವರು ಅಲ್ಲಿಗೆ ಕಾಯುತ್ತಾರೆ. ಆ ಸಾಲಿಗೆ ಬೇರೆ ದರ ಬೇಕೇ ಬೇಕು. ಮೂರು ಬೋರ್ಡುಗಳಿಗೆ ಖಾಲಿ ಹುದ್ದೆ ಹಂಚುವ ಪ್ರಮಾಣವನ್ನು ಇಲ್ಲಿ ಬರೆಯುವುದಿಲ್ಲ. ನಾಲ್ಕು ತಿಂಗಳ ಶ್ರಮ ಅದು.

ತರಬೇತಿಯ ಅವಧಿ ಮರೆತರೆ ಇನ್ನೂ ದೊಡ್ಡ ಪೆಟ್ಟು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) 3 ವರ್ಷ, ಐಎಂಎ (ಭಾರತೀಯ ಸೇನಾ ಅಕಾಡೆಮಿ) 1, ಅದಕ್ಕೆ ಮುಂಚೆ ಪರೀಕ್ಷೆ ಮತ್ತು ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿಯ ಸಂದರ್ಶನ. ಅರ್ಜಿಯಿಂದ ಕಮಿಷನ್‌ಗೆ ಹತ್ತಿರ ಹತ್ತಿರ 5 ವರ್ಷ. ವರ್ಷಕ್ಕೆ 55 ಹೆಚ್ಚುವರಿ ತೆಗೆದುಕೊಂಡರೆ ಮೊದಲ ತಂಡ ಹೊರಬರುವಷ್ಟರಲ್ಲಿ 275 ಜನ ಒಳಗಿರುತ್ತಾರೆ. ಕೊರತೆ 220, ಆದರೂ ಹಾಳೆ ಇನ್ನೂ ಬೇಕು ಎನ್ನುತ್ತದೆ. ಕೊರತೆಯಿಂದ ಅಕಾಡೆಮಿಯಲ್ಲಿರುವವರನ್ನು ಕಳೆದು ಉಳಿದದ್ದಕ್ಕೆ ಮಾತ್ರ ಭರ್ತಿ ಲೆಕ್ಕ ಹಾಕಬೇಕು.

ನಡುವೆ ಇದೇ ಹಾಳೆಯನ್ನು ಬ್ಯಾಂಕ್ ಅಧಿಕಾರಿಗಳ ಸ್ಕೇಲ್ 1ರಿಂದ 7ಕ್ಕೆ ಹೊಂದಿಸಿ ನೋಡಿದ್ದೂ ಆಯಿತು. 1969 ಮತ್ತು 1980ರ ರಾಷ್ಟ್ರೀಕರಣದ ನಂತರದ ದೊಡ್ಡ ಭರ್ತಿಯನ್ನು ಹಾಕಿ ಮುಂದೆ ಓಡಿಸಿದಾಗ 2010ರ ದಶಕದ ನಿವೃತ್ತಿಯ ಅಲೆಯೂ ನಡುವಿನ ಸ್ಕೇಲುಗಳ ಪೊಳ್ಳೂ ತಾವಾಗಿ ಕಾಣಿಸಿಕೊಂಡವು. ಬ್ಯಾಂಕಿನ ಹಿರಿಯರು ನಂಬಿದ್ದು ಅಲ್ಲಿ.

ಕೊರತೆ ತುಂಬುವ ದಾರಿ ಶಾರ್ಟ್ ಸರ್ವಿಸ್, ಅಂದರೆ ಸೀಮಿತ ಅವಧಿಯ ಕಮಿಷನ್. ಚೆನ್ನೈಯ ಅಧಿಕಾರಿಗಳ ತರಬೇತಿ ಅಕಾಡೆಮಿಯಲ್ಲಿ (ಒಟಿಎ) 49 ವಾರ ತರಬೇತಿ, 10 ವರ್ಷ ಸೇವೆ, ಬೇಕಾದರೆ ಮತ್ತೆ 4. ಅವರು ಕ್ಯಾಪ್ಟನ್–ಮೇಜರ್ ಸಾಲುಗಳನ್ನು ತುಂಬುತ್ತಾರೆ, ಬಹುಪಾಲು ಬೋರ್ಡಿನ ಮುಂಚೆಯೇ ಹೊರಡುತ್ತಾರೆ. ಹೆಚ್ಚುವರಿ 55ನ್ನೂ ಕಾಯಂ ಕೊಟ್ಟರೆ ಕರ್ನಲ್ ಆಯ್ಕೆ ಶೇ. 41ರಿಂದ 19ಕ್ಕೆ ಕುಸಿಯುತ್ತದೆ. ಶಾರ್ಟ್ ಸರ್ವಿಸ್ ಕೊಟ್ಟು 10ನೇ ವರ್ಷ ಕಾಲುಭಾಗ ಕಾಯಂ ಆದರೆ 32ರಲ್ಲಿ ನಿಲ್ಲುತ್ತದೆ. ಆ ಕಾಲುಭಾಗವನ್ನು ಸೂತ್ರದೊಳಗೆ ಹುಗಿಯದೆ ಬೇರೆ ಚೌಕದಲ್ಲಿಡಿ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಹಿಳಾ ಅಧಿಕಾರಿಗಳ ಕಾಯಂ ಕಮಿಷನ್ ಬಗ್ಗೆ ಕೊಟ್ಟಂಥ ತೀರ್ಪು ಬಂದರೆ ಬದಲಾಗುವ ಮೊದಲ ಸಂಖ್ಯೆ ಅದೇ.

ವರ್ಷಕ್ಕೆ ಇಬ್ಬರು ಮೂವರು ಸೇರುವ ಸಣ್ಣ ವಿಭಾಗಗಳಲ್ಲಿ 0.4 ಕರ್ನಲ್ ಎಂದು ಬರುತ್ತದೆ. ದುಂಡುಮಾಡಿ ಸೊನ್ನೆ ಮಾಡಿದರೆ ಆ ವಿಭಾಗಕ್ಕೆ ಮೂವತ್ತು ವರ್ಷವೂ ಕರ್ನಲ್ ಇಲ್ಲ. ಉಳಿದ ಭಿನ್ನವನ್ನು ಮುಂದಿನ ವರ್ಷಕ್ಕೆ ಒಯ್ಯಿರಿ, 0.4, 0.8, ಮೂರನೇ ವರ್ಷ 1.2. ಆಗ ಒಬ್ಬರಿಗೆ ಬಡ್ತಿ, 0.2 ಮುಂದಕ್ಕೆ.