ಡಿ ಡ್ರೈವ್ ಉಳಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ

ನಮ್ಮನೆ ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ. ಅಡಿಕೆ ಲೆಕ್ಕ, ಡೇರಿ ಲೆಕ್ಕ ಎಲ್ಲ 2012ರ ಒಂದು ಡೆಲ್ ಲ್ಯಾಪ್‌ಟಾಪಿನಲ್ಲಿ. 4 ಜಿಬಿ ರ‍್ಯಾಮ್. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿತ್ತು. ಬ್ರೌಸರೂ ಹಳತಾಗಿ ಬ್ಯಾಂಕಿನ ಪುಟ ತೆರೆಯದಾದಾಗ, ವಿಂಡೋಸ್ ತೆಗೆದು ಅದರ ಜಾಗಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ನಾನು ಕಂಪ್ಯೂಟರ್ ಓದಿದವಳಲ್ಲ, ಹಾಗಾಗಿ ಮಾಡಿದ ತಪ್ಪನ್ನೂ ಸೇರಿಸಿ ಹೇಳುತ್ತೇನೆ.

ವಿಂಡೋಸ್ ಹೊಸದಾಗಿ ಹಾಕಿಸುವಾಗ ಸಾಮಾನ್ಯವಾಗಿ ಸಿ ಡ್ರೈವ್ ಮಾತ್ರ ಅಳಿಸುತ್ತಾರೆ, ಡಿ ಡ್ರೈವ್ ಹಾಗೇ ಇರುತ್ತದೆ. ಅದೇ ರೂಢಿಯ ಮೇಲೆ, ಮಾವನ ತಾಳಮದ್ದಲೆ ರೆಕಾರ್ಡಿಂಗ್ ಡಿ-ಯಲ್ಲಿವೆಯಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಲಿನಕ್ಸ್ ಹಾಕುವಾಗ ಬರುವ ‘ಡಿಸ್ಕ್ ಅಳಿಸು’ ಆಯ್ಕೆಗೆ ಸಿ, ಡಿ ಎಂಬ ಭೇದವಿಲ್ಲ. ಎಲ್ಲ ಒರೆಸಿಹೋಯಿತು. ಅರ್ಧ ರೆಕಾರ್ಡಿಂಗ್ ಮೈದುನನ ಪೆನ್‌ಡ್ರೈವಿನಲ್ಲಿ ಸಿಕ್ಕವು. ಮಾವ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ಮುಗಿದುಹೋಗುತ್ತಿತ್ತು. ನೀವು ಡೆಸ್ಕ್‌ಟಾಪು, ಡೌನ್‌ಲೋಡ್ಸು, ಡಿ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ನಾಲ್ಕು ಫೈಲ್ ತೆರೆದು ನೋಡಿಯೇ ಮುಂದುವರಿಯಿರಿ.

ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಬರೆದ ಪತ್ರಗಳಿದ್ದರೆ ಇನ್ನೊಂದು ಕೆಲಸ. ಅವು ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಫಾಂಟ್ ಫೈಲುಗಳನ್ನೂ ಎತ್ತಿಟ್ಟುಕೊಳ್ಳಿ, ಲಿನಕ್ಸಿನಲ್ಲೂ ಹಾಕಬಹುದು.

ಹಳೇ ಯಂತ್ರಕ್ಕೆ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಡೌನ್‌ಲೋಡ್ ಸುಮಾರು 3 ಜಿಬಿ; ನಮ್ಮಲ್ಲಿ ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ಲು, ಅದಕ್ಕೆ ಪೇಟೆಯಲ್ಲಿರುವ ತಂಗಿಯ ಮನೆಗೆ ಹೋಗಿ ಇಳಿಸಿಕೊಂಡೆ. 8 ಜಿಬಿ ಪೆನ್‌ಡ್ರೈವ್ ಸಾಕು. ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ, ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ ಬರೆಯಬೇಕು. ಪೆನ್‌ಡ್ರೈವಿನಲ್ಲಿ ಇದ್ದದ್ದೂ ಆಗ ಹೋಗುತ್ತದೆ.

ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್12 ಒತ್ತಿ ಪೆನ್‌ಡ್ರೈವ್ ಆರಿಸಿದೆ. (ಎಚ್‌ಪಿಯಲ್ಲಿ ಸಾಮಾನ್ಯವಾಗಿ ಎಸ್ಕೇಪ್, ಆಮೇಲೆ ಎಫ್9.) ಏನೂ ಅಳಿಸದೆ ಮಿಂಟ್ ತೆರೆದುಕೊಳ್ಳುತ್ತದೆ. ಇಲ್ಲಿ ಅವಸರ ಬೇಡ. ಚಾ ಕುಡಿಯುತ್ತ ವೈಫೈ, ಸೌಂಡು, ಟಚ್‌ಪ್ಯಾಡ್ ಎಲ್ಲ ನೋಡಿ. ನನಗೆ ವೈಫೈ ಕಾಣಲೇ ಇಲ್ಲ. ಇನ್‌ಸ್ಟಾಲ್ ಆದಮೇಲೆ ಫೋನನ್ನು ಯುಎಸ್‌ಬಿ ವಯರಿನಿಂದ ಜೋಡಿಸಿ ಟೆದರಿಂಗ್ ಹಾಕಿ (ಫೋನಿನ ಇಂಟರ್ನೆಟ್ಟನ್ನೇ ಕಂಪ್ಯೂಟರಿಗೆ ಕೊಟ್ಟು), ಡ್ರೈವರ್ ಮ್ಯಾನೇಜರ್ ತೆರೆದೆ. ವೈಫೈ ನಡೆಸುವ ಡ್ರೈವರನ್ನು ಅದೇ ಹುಡುಕಿ ಕೊಟ್ಟಿತು.

ಸರಿ ಎನಿಸಿದ ಮೇಲೆ ಡೆಸ್ಕ್‌ಟಾಪಿನ ಇನ್‌ಸ್ಟಾಲ್ ಐಕಾನ್ ಒತ್ತಿ. ಕೇಳಿದ್ದಕ್ಕೆ ಉತ್ತರಿಸುತ್ತ ಹೋದರಾಯಿತು. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎಷ್ಟೋ ವರ್ಷ, ಅದಕ್ಕೇ ಇನ್ವರ್ಟರ್ ಲೈನಿಗೆ ಹಾಕಿ ಕೂತೆ. ಆಷಾಢದ ಕರೆಂಟು ನಂಬಿ ಇದಕ್ಕೆ ಕೈಹಾಕಬೇಡಿ.

ಕನ್ನಡ ಟೈಪಿಂಗಿಗೆ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿ ಕೆಜಿಪಿ ಕೀಲಿಮಣೆ ಆರಿಸಿಕೊಂಡೆ. ನುಡಿಯ ವಿನ್ಯಾಸವೇ ಅದು, ಬೆರಳಿಗೆ ಹೊಸದೇನಿಲ್ಲ. ಎಕ್ಸೆಲ್ಲಿನಲ್ಲಿದ್ದ ಚಾಲಿ, ರಾಶಿ ಅಡಿಕೆಯ ಲೆಕ್ಕ ಲಿಬ್ರೆಆಫೀಸಿನಲ್ಲಿ ತೆರೆಯಿತು, ಒಂದೆರಡು ಕಾಲಮ್ಮಿನ ಅಗಲ ಮಾತ್ರ ಸರಿಮಾಡಬೇಕಾಯಿತು. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ಮಾತ್ರ ಇದಕ್ಕೆ ಹೋಗಬೇಡಿ, ಅದು ವಿಂಡೋಸಿನದು.