ತಿಂಗಳಿಗೆ 25 ಡಾಲರ್, ಹದಿನೆಂಟು ಕಾರ್ಡು

2013ರ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆಯವರು ಹಳೆಯ ಸಾಮಾನುಗಳನ್ನು ಅಂಗಳದಲ್ಲಿ ಮಾರಾಟಕ್ಕೆ ಹರಡಿದ್ದರು. ಪಾತ್ರೆಗಳ ಪಕ್ಕದಲ್ಲಿ ಒಂದು ಶೂ ಡಬ್ಬ, ಅದರ ತುಂಬ ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳು. ಸುಮ್ಮನೆ ಕೈಯಾಡಿಸುತ್ತಿದ್ದವನಿಗೆ ಒಂದು ಕಾರ್ಡು ಸಿಕ್ಕಿತು. ಟಾಪ್ಸ್ ಕಂಪನಿಯ 1969ರ ಕಾರ್ಡು, ಆ ವರ್ಷದ ಸೆಟ್ಟಿನಲ್ಲಿ ಸಂಖ್ಯೆ 50. ಮೂಲೆಗಳು ಸವೆದು ದುಂಡಾಗಿದ್ದವು, ಕೆಳಭಾಗದಲ್ಲಿ ಒಂದು ಮಡಿಕೆ ಬಿದ್ದಿತ್ತು. ಅದರ ಮೇಲಿದ್ದ ಹೆಸರು ಬಾಬ್ ಕ್ಲೆಮೆಂಟೆ. ನಾಲ್ಕು ಡಾಲರ್ ಕೊಟ್ಟು ಜೇಬಿಗೆ ಹಾಕಿಕೊಂಡೆ.

ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಇರುವವರಿಗೆ ಈ ಆಟಗಾರ ಬಾಬ್ ಅಲ್ಲ. ಆಟದ ಮೈದಾನಕ್ಕೆ ಹೋಗುವ ಸೇತುವೆಗೆ ಅವರ ಹೆಸರಿದೆ, ಊರಲ್ಲಿ ಅವರದೇ ಒಂದು ವಸ್ತುಸಂಗ್ರಹಾಲಯವಿದೆ. ಎಲ್ಲ ಕಡೆಯೂ ರೊಬೆರ್ಟೊ ಕ್ಲೆಮೆಂಟೆ ಎಂದೇ ಬರೆದಿದ್ದಾರೆ. ಪೋರ್ಟೊರಿಕೊ ದ್ವೀಪದಿಂದ ಬಂದು, 1955ರಿಂದ 1972ರವರೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಆಡಿದವರು. ಅವರ ಹೆಸರನ್ನು ಅಮೆರಿಕದ ಪತ್ರಕರ್ತರು, ಕಾರ್ಡು ಅಚ್ಚು ಹಾಕಿಸುವವರು ತಮ್ಮ ನಾಲಗೆಗೆ ಸುಲಭವಾಗುವಂತೆ ಕತ್ತರಿಸಿದ್ದರು. 1955 ಮತ್ತು 1956ರ ಟಾಪ್ಸ್ ಕಾರ್ಡುಗಳಲ್ಲಿ ರೊಬೆರ್ಟೊ ಎಂದೇ ಇದೆ. 1957ರಿಂದ 1969ರವರೆಗೆ ಬಾಬ್. 1970ರಲ್ಲಿ ಮತ್ತೆ ರೊಬೆರ್ಟೊ. ಇದನ್ನು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಇಟ್ಟಿರುವುದು ಅಜ್ಜನ ಹೆಸರು, ಉದ್ದನೆಯ ಹೆಸರು. ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅದು ಸ್ಯಾಮ್ ಆಗಿತ್ತು. 1955ರಿಂದ 1973ರವರೆಗಿನ ಹತ್ತೊಂಬತ್ತು ವರ್ಷಗಳ ಹತ್ತೊಂಬತ್ತು ಕಾರ್ಡುಗಳನ್ನು ಒಟ್ಟಿಗೆ ಜೋಡಿಸಿ, ಆ ಹೆಸರು ಹೋಗಿ ಮರಳಿ ಬಂದದ್ದನ್ನು ಕಣ್ಣಾರೆ ನೋಡಬೇಕು ಎನಿಸಿತು.

ಆಗ ನನ್ನ ಕೈಯಲ್ಲಿ ಹಣ ಓಡಾಡುತ್ತಿರಲಿಲ್ಲ. ಓದಿಗೆ ಮಾಡಿದ ಬ್ಯಾಂಕಿನ ಸಾಲದ ಕಂತು, ಊರಿಗೆ ಕಳಿಸುವುದು, ಬಾಡಿಗೆ, ಇಷ್ಟು ಕಳೆದರೆ ಉಳಿಯುವುದು ಅಲ್ಪ. ತಿಂಗಳಿಗೆ 25 ಡಾಲರ್ ಎಂದು ಗೆರೆ ಎಳೆದುಕೊಂಡೆ. ಸಂಬಳ ಬಂದ ದಿನ ಆ ನೋಟುಗಳನ್ನು ಒಂದು ಲಕೋಟೆಗೆ ಹಾಕುತ್ತಿದ್ದೆ. ಲಕೋಟೆ ಖಾಲಿಯಾದರೆ ಮುಂದಿನ ತಿಂಗಳವರೆಗೆ ಬರೀ ನೋಡುವುದು, ಓದುವುದು. ಕ್ರೆಡಿಟ್ ಕಾರ್ಡಿನಿಂದ ಒಂದನ್ನೂ ಕೊಳ್ಳಲಿಲ್ಲ. ಹಣವನ್ನು ಕೈಯಿಂದ ಎಣಿಸಿ ಕೊಡುವಾಗ ಹುಟ್ಟುವ ಹಿಂಜರಿಕೆ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಈ ಹವ್ಯಾಸದ ಸುದ್ದಿ ಪತ್ರಿಕೆಗಳಿಗೆ ಬರುವುದೆಲ್ಲ ಕೋಟಿಗಳ ಲೆಕ್ಕದಲ್ಲಿ. 1952ರ ಟಾಪ್ಸ್ ಸೆಟ್ಟಿನ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಕಾರ್ಡೊಂದು 2022ರಲ್ಲಿ 126 ಲಕ್ಷ ಡಾಲರಿಗೆ ಹೋಯಿತು. ಅದೇ ಸೆಟ್ಟಿನ ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ಕಂಪನಿಯವರೇ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದರು. ಇಂಥ ಸುದ್ದಿ ಓದಿದವರು ಹಳೆಯ ಕಾರ್ಡು ಎಂದರೆ ಶ್ರೀಮಂತರ ಸೊತ್ತು ಎಂದುಕೊಳ್ಳುತ್ತಾರೆ. ಬೆಲೆಯ ಬಹುಭಾಗ ಕಾರ್ಡಿನ ಸ್ಥಿತಿಗೆ ಸಲ್ಲುವುದು. ಚೂಪು ಮೂಲೆ, ನಾಲ್ಕೂ ಕಡೆ ಸಮನಾದ ಅಂಚು ಇರುವ ಕಾರ್ಡಿನ ಬೆಲೆಯ ಹತ್ತನೇ ಒಂದು ಪಾಲಿಗೂ ಕಡಿಮೆಗೆ, ಅದೇ ವರ್ಷದ, ಅದೇ ಅಚ್ಚಿನ ಸವೆದ ಕಾರ್ಡು ಸಿಗುತ್ತದೆ. ನನಗೆ ಸವೆದದ್ದೇ ಇಷ್ಟ. ಯಾವುದೋ ಹುಡುಗ ಅದನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿದ್ದಾನೆ, ಗೆಳೆಯರ ಜೊತೆ ಬದಲಾಯಿಸಿಕೊಂಡಿದ್ದಾನೆ. ನಾವೂ ಬಿಗ್ ಫನ್ ಬಬಲ್ ಗಮ್‌ನೊಳಗಿನ ಕ್ರಿಕೆಟ್ ಚಿತ್ರಗಳನ್ನು ಹಾಗೆಯೇ ಹಿಡಿದುಕೊಂಡು ಓಡಾಡಿದವರು. ಟಾಪ್ಸ್ ಕಾರ್ಡುಗಳೂ ಚೂಯಿಂಗ್ ಗಮ್‌ನ ಜೊತೆಗೇ ಬಂದವು.

ಆದರೆ ಯಾವ ಸವೆತವನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಮೊಂಡಾದ ಮೂಲೆ, ಓರೆಯಾಗಿ ಕತ್ತರಿಸಿದ ಅಂಚು, ಹಿಂಬದಿಯಲ್ಲಿ ಹುಡುಗನೊಬ್ಬ ಪೆನ್ನಿನಲ್ಲಿ ಬರೆದ ತನ್ನ ಹೆಸರು, ಇವೆಲ್ಲ ನನಗೆ ಒಪ್ಪಿಗೆ. ಮಡಿಕೆಯೂ ಒಪ್ಪಿಗೆ, ಆಟಗಾರನ ಮುಖದ ಮೇಲೆ ಹಾದುಹೋಗದಿದ್ದರೆ. ಕಾರ್ಡಿನ ಮುಂಬದಿಯ ಕಾಗದ ಕಿತ್ತುಹೋಗಿದ್ದರೆ ಬೇಡ. ಅಂಚನ್ನು ಹೊಸದಾಗಿ ಕತ್ತರಿಸಿದ್ದರೆ, ಬಣ್ಣ ತೀಡಿದ್ದರೆ, ಬಿಟ್ಟಿಯಾಗಿ ಕೊಟ್ಟರೂ ಬೇಡ. 1971ರ ಸೆಟ್ಟಿಗೆ ಕಪ್ಪು ಅಂಚು ಇರುವುದರಿಂದ ಕೈ ತಗುಲಿದಲ್ಲೆಲ್ಲ ಬಿಳಿ ಎದ್ದು ಕಾಣುತ್ತದೆ. ಅದನ್ನು ಮುಚ್ಚಲು ಕಪ್ಪು ಶಾಯಿ ಹಚ್ಚುವವರಿದ್ದಾರೆ. ಆ ವರ್ಷದ ಕಾರ್ಡನ್ನು ಕೊಳ್ಳುವಾಗ ಅಂಚನ್ನು ಪಕ್ಕದಿಂದ ನೋಡುತ್ತೇನೆ. ಶಾಯಿ ಕಾಗದದ ದಪ್ಪಕ್ಕೂ ಇಳಿದಿದ್ದರೆ ಅದು ಆಮೇಲೆ ಹಚ್ಚಿದ್ದು.

ಇದನ್ನು ಕಲಿತದ್ದು ಮೋಸಹೋದ ಮೇಲೆ. ಎರಡನೇ ವರ್ಷ ಹಳೆ ಸಾಮಾನಿನ ಸಂತೆಯೊಂದರಲ್ಲಿ 1966ರ ಕಾರ್ಡನ್ನು 35 ಡಾಲರಿಗೆ ಕೊಂಡೆ. ಅಂಚುಗಳು ಎಷ್ಟು ಚೊಕ್ಕವಾಗಿದ್ದವೆಂದರೆ, ನನ್ನ ಅದೃಷ್ಟ ಎಂದುಕೊಂಡೆ. ಮನೆಗೆ ಬಂದು ಆಲ್ಬಮ್ಮಿನಲ್ಲಿ ಇಟ್ಟಾಗ ಪಕ್ಕದ ಕಾರ್ಡಿಗಿಂತ ಗಿಡ್ಡವಾಗಿತ್ತು. 1957ರಿಂದ ಟಾಪ್ಸ್ ಕಾರ್ಡಿನ ಅಳತೆ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರ. ನನ್ನದು ಒಂದು ಅಂಗುಲದ ಹದಿನಾರನೇ ಒಂದು ಭಾಗದಷ್ಟು ಕಡಿಮೆ. ಯಾರೋ ಸವೆದ ಅಂಚನ್ನು ಬ್ಲೇಡಿನಿಂದ ಕೊಯ್ದು ಹೊಸತಾಗಿ ಕಾಣಿಸಿದ್ದರು. ಅದನ್ನು ಮತ್ತೊಬ್ಬರಿಗೆ ದಾಟಿಸಲು ಮನಸ್ಸು ಒಪ್ಪಲಿಲ್ಲ. ಹಿಂಬದಿಗೆ ಚೀಟಿ ಬರೆದು ಈಗಲೂ ಬೇರೆ ಇಟ್ಟಿದ್ದೇನೆ.

ಅಂದಿನಿಂದ ಎಲ್ಲಿಗೆ ಹೋದರೂ ಜೇಬಿನಲ್ಲಿ ಎರಡು ವಸ್ತುಗಳಿರುತ್ತವೆ. ಒಂದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ. ಇನ್ನೊಂದು, ನಾನು ಹುಡುಕುತ್ತಿರುವ ವರ್ಷದ್ದೇ ಒಂದು ಅಗ್ಗದ ಕಾರ್ಡು, ಒಂದೆರಡು ಡಾಲರಿಗೆ ಸಿಗುವ ಸಾಧಾರಣ ಆಟಗಾರನದು. ಅಂಥದ್ದನ್ನು ಯಾರೂ ನಕಲು ಮಾಡುವುದಿಲ್ಲ. ಅದನ್ನು ಪಕ್ಕದಲ್ಲಿ ಹಿಡಿದರೆ ಕಾಗದದ ದಪ್ಪ, ಹಿಂಬದಿಯ ಬಣ್ಣ, ಅಳತೆ ಎಲ್ಲವೂ ಮಾತಾಡುತ್ತವೆ. ಭೂತಗನ್ನಡಿಯಲ್ಲಿ ನೋಡಬೇಕಾದದ್ದು ಅಕ್ಷರಗಳನ್ನು. ಅಸಲಿಯಲ್ಲಿ ಚಿತ್ರ ಚುಕ್ಕೆಗಳಿಂದಾಗಿದ್ದರೂ ಕಪ್ಪು ಅಕ್ಷರಗಳು ತುಂಬು ಶಾಯಿಯವು. ಚಿತ್ರ ತೆಗೆದು ಮರುಮುದ್ರಿಸಿದ ಕಾರ್ಡಿನಲ್ಲಿ ಅಕ್ಷರವೂ ಚುಕ್ಕೆಚುಕ್ಕೆಯಾಗಿ ಒಡೆದಿರುತ್ತದೆ. ಮೂರು ಸಲ ಈ ಪರೀಕ್ಷೆಯಿಂದಲೇ ಕೈ ಹಿಂದೆಗೆದಿದ್ದೇನೆ.

ಕೊಳ್ಳುವುದಕ್ಕೆ ನನಗೆ ಅತ್ಯುತ್ತಮ ಜಾಗ ಎಂದರೆ ಕಾರ್ಡು ಪ್ರದರ್ಶನಗಳು, ಅದರಲ್ಲೂ ಭಾನುವಾರದ ಕೊನೆಯ ಎರಡು ಗಂಟೆ. ಮೇಜುಗಟ್ಟಲೆ ಪೆಟ್ಟಿಗೆಗಳನ್ನು ಮತ್ತೆ ಹೊತ್ತು ಒಯ್ಯಬೇಕಾದ ವ್ಯಾಪಾರಿಗೆ ಸವೆದ ಕಾರ್ಡು ಭಾರ. ಚೌಕಾಸಿಗೆ ನಾನು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಅಮ್ಮನ ಹಿಂದೆ ನಿಂತು ಕಲಿತದ್ದೇ ಸಾಕಾಯಿತು: ವಸ್ತುವನ್ನು ಹೀಗಳೆಯಬಾರದು, ಮೂರ್ನಾಲ್ಕನ್ನು ಒಟ್ಟಿಗೆ ಎತ್ತಿಟ್ಟು ಎಲ್ಲಕ್ಕೂ ಸೇರಿಸಿ ಒಂದು ಬೆಲೆ ಕೇಳಬೇಕು, ದುಡ್ಡು ಕೈಯಲ್ಲಿ ಕಾಣಬೇಕು. 1964, 1967, 1968ರ ಕಾರ್ಡುಗಳನ್ನು ಒಬ್ಬ ಹಿರಿಯರಿಂದ ಹೀಗೆಯೇ 80 ಡಾಲರಿಗೆ ತಂದೆ. ಅವರು ಪೈರೇಟ್ಸ್ ತಂಡದ ಹಳೆಯ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಕ್ಲೆಮೆಂಟೆ ಆಟ ಕಂಡವರು. ಬಲ ಮೂಲೆಯಿಂದ ಚೆಂಡೆಸೆದರೆ ಅದು ನೆಲ ಮುಟ್ಟದೆ ಬರುತ್ತಿತ್ತು ಎಂದು ತೋಳು ಬೀಸಿ ತೋರಿಸಿದರು. ಆ ಮೈದಾನ 1970ರಲ್ಲಿ ಮುಚ್ಚಿತು. ಅದರ ಗೋಡೆಯ ಒಂದು ತುಂಡು ಪಿಟ್ಸ್‌ಬರ್ಗಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಈಗಲೂ ಬಳ್ಳಿ ಹಬ್ಬಿಸಿಕೊಂಡು ನಿಂತಿದೆ. ಪ್ರತಿ ಅಕ್ಟೋಬರ್ 13ಕ್ಕೆ ಜನ ಅಲ್ಲಿ ಸೇರಿ, ಪೈರೇಟ್ಸ್ 1960ರ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲಿನ ವಾರ್ಷಿಕ ಅಂತಿಮ ಸರಣಿ, ಗೆದ್ದ ಪಂದ್ಯದ ರೇಡಿಯೊ ಧ್ವನಿಮುದ್ರಣ ಕೇಳುತ್ತಾರೆ. ನಾನೂ ಹೋಗುತ್ತೇನೆ.

ಇಂಟರ್ನೆಟ್ಟಿನಲ್ಲಿ ಕೊಳ್ಳುವುದಾದರೆ ಡಿಸೆಂಬರ್, ಜನವರಿ ಒಳ್ಳೆಯದು. ಆಟದ ಋತು ಮುಗಿದಿರುತ್ತದೆ, ಜನರ ಗಮನ ಬೇರೆಡೆ ಇರುತ್ತದೆ. ಅಂಚೆ ಖರ್ಚನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. 12 ಡಾಲರಿನ ಕಾರ್ಡಿಗೆ 5 ಡಾಲರ್ ಅಂಚೆ ಕೊಟ್ಟರೆ ಅದು 17 ಡಾಲರಿನ ಕಾರ್ಡು.

ಕಾರ್ಡಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚುವ ಪಿಎಸ್‌ಎಯಂಥ ಸಂಸ್ಥೆಗಳಿಗೆ ನನ್ನ ಕಾರ್ಡುಗಳನ್ನು ಕಳಿಸಿಲ್ಲ. ಮೂವತ್ತು ಡಾಲರಿನ ಕಾರ್ಡಿಗೆ ಅಷ್ಟೇ ಶುಲ್ಕ ತೆರುವುದರಲ್ಲಿ ಅರ್ಥವಿಲ್ಲ. ಎರಡು ಮೂರು ನೂರು ಡಾಲರ್ ದಾಟಿದರೆ ಮಾತು ಬೇರೆ. ಅಲ್ಲಿ ಆ ಪ್ಲಾಸ್ಟಿಕ್ ಪೆಟ್ಟಿಗೆ ಅಸಲಿ ಎಂಬುದಕ್ಕೆ ಸಾಕ್ಷಿ. ಉಳಿದವನ್ನೆಲ್ಲ ಒಂಬತ್ತು ಕಿಸೆಯ ಪಾಲಿಪ್ರೊಪಿಲೀನ್ ಹಾಳೆಗಳಲ್ಲಿ ಇಟ್ಟಿದ್ದೇನೆ. ಹಳೆಯ ಪಿವಿಸಿ ಹಾಳೆಗಳು ಕಾಲ ಕಳೆದಂತೆ ಅಂಟಂಟಾಗಿ ಕಾರ್ಡಿಗೆ ಹಿಡಿಯುತ್ತವೆ. 1956ರವರೆಗಿನ ಕಾರ್ಡುಗಳು ಅಳತೆಯಲ್ಲಿ ದೊಡ್ಡವು, ಅವಕ್ಕೆ ಎಂಟು ಕಿಸೆಯ ಹಾಳೆ ಬೇಕು. ಇಲ್ಲಿನ ಮನೆಗಳ ನೆಲಮಾಳಿಗೆ ತೇವದ ತಾಣ; ಆಲ್ಬಮ್ ಇರುವುದು ಮಲಗುವ ಕೋಣೆಯ ಬೀರುವಿನಲ್ಲಿ.

ಅತ್ಯಂತ ಕಾಡಿದ್ದು 1963ರ ಕಾರ್ಡು, ಸಂಖ್ಯೆ 540. ಆಗೆಲ್ಲ ಟಾಪ್ಸ್ ಒಂದು ವರ್ಷದ ಸೆಟ್ಟನ್ನು ಕಂತುಕಂತಾಗಿ ಬಿಡುತ್ತಿತ್ತು. ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸಿಗೆ ಮುಗಿಯುತ್ತ ಬಂದು ಹುಡುಗರ ಮನಸ್ಸು ಫುಟ್‌ಬಾಲ್ ಕಡೆ ಹೊರಳಿರುತ್ತಿತ್ತು. ಅಂಗಡಿಯವರು ಕಡಿಮೆ ತರಿಸುತ್ತಿದ್ದರು. ಅದಕ್ಕೇ ಸೆಟ್ಟಿನ ಕೊನೆಯ ಸಂಖ್ಯೆಗಳು ಇವತ್ತಿಗೂ ದುಬಾರಿ. ಐದು ತಿಂಗಳು ಲಕೋಟೆಯನ್ನು ಮುಟ್ಟದೆ ಇದ್ದು, 2018ರ ಜನವರಿಯಲ್ಲಿ 110 ಡಾಲರಿಗೆ ಅದನ್ನು ಕೊಂಡೆ. ಹಿಂಬದಿಯಲ್ಲಿ ಅಂಟಿನ ಕಲೆಯಿದೆ. ಯಾರೋ ಪುಸ್ತಕಕ್ಕೆ ಅಂಟಿಸಿ ಕಿತ್ತಿದ್ದಾರೆ.

ಅಂಟಿನ ಕಲೆ ಕಂಡಾಗಲೆಲ್ಲ ಜೆಫರ್ಸನ್ ಬರ್ಡಿಕ್ ನೆನಪಾಗುತ್ತಾರೆ. ಸಿರಾಕ್ಯೂಸ್ ಊರಿನ ಕಾರ್ಖಾನೆಯೊಂದರ ನೌಕರ, ಸಂಧಿವಾತದಿಂದ ಬೆರಳು ಸೊಟ್ಟಗಾದವರು. ಕಾರ್ಡುಗಳನ್ನು ಇಂದಿಗೂ ಗುರುತಿಸುವ ವರ್ಗೀಕರಣ ಅವರದೇ. ತಮ್ಮ 30,000ಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ವರ್ಷಗಟ್ಟಲೆ ಅಲ್ಲಿ ಕುಳಿತು ತಮ್ಮ ಕೈಯಾರೆ ಆಲ್ಬಮ್ಮುಗಳಿಗೆ ಅಂಟಿಸಿದರು. ಆ ಕೆಲಸ ಮುಗಿದದ್ದು 1963ರ ಆರಂಭದಲ್ಲಿ; ಅದೇ ಮಾರ್ಚಿನಲ್ಲಿ ತೀರಿಕೊಂಡರು. ಕಾರ್ಖಾನೆಯ ಸಂಬಳದವರೊಬ್ಬರು ಇದನ್ನು ಮಾಡಿದರು ಎಂಬುದು ನನಗೆ ಈ ಹವ್ಯಾಸದ ಅತಿ ದೊಡ್ಡ ಸಂಗತಿ.

ನನ್ನ ಯೋಜನೆಯಲ್ಲಿ ಒಂದು ದೊಡ್ಡ ತಪ್ಪಾಯಿತು. ಸುಲಭದವನ್ನು ಮೊದಲು ಕೊಂಡೆ. 1970ರ ದಶಕದವು ಹದಿನೈದಿಪ್ಪತ್ತು ಡಾಲರಿಗೆ ಸಿಗುತ್ತಿದ್ದವು, ಕೊಂಡಾಗಲೆಲ್ಲ ಖುಷಿ. 1955ರ ಮೊದಲ ಕಾರ್ಡು, ಸಂಖ್ಯೆ 164, ಅತಿ ದುಬಾರಿಯಾದ್ದರಿಂದ ಕೊನೆಗೆ ಎಂದು ಬಿಟ್ಟೆ. 2016ರಲ್ಲಿ ತೀರ ಸವೆದ ಒಂದನ್ನು, ಒಂದೂವರೆ ವರ್ಷ ಬೇರೇನೂ ಕೊಳ್ಳದಿದ್ದರೆ ತರಬಹುದಿತ್ತು. ಹಾಗೆ ಮಾಡಲಿಲ್ಲ. 2020ರಲ್ಲಿ ಮನೆಯಲ್ಲೇ ಕೂತ ಜನ ಕಾರ್ಡುಗಳತ್ತ ನುಗ್ಗಿದರು, ಬೆಲೆಗಳು ಏರಿದವು, ಆ ಕಾರ್ಡು ನನ್ನ ಲಕೋಟೆಯಿಂದ ದೂರ ಸರಿಯಿತು. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಪಟ್ಟಿಯಲ್ಲಿ ಅತಿ ಕಷ್ಟದ ಕಾರ್ಡಿನಿಂದ ಶುರು ಮಾಡಿ, ಅದು ಕೈಸೇರುವವರೆಗೆ ಉಳಿದವನ್ನು ಮುಟ್ಟಬೇಡಿ. ಅಗ್ಗದವು ಎಲ್ಲಿಗೂ ಓಡುವುದಿಲ್ಲ.

ಹದಿನೆಂಟು ಕಾರ್ಡುಗಳು ಆಲ್ಬಮ್ಮಿನಲ್ಲಿವೆ. 1973ರ ಕಾರ್ಡು ಬಂದಾಗ ಕ್ಲೆಮೆಂಟೆ ಇರಲಿಲ್ಲ. 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡಿದ್ದರು. ಆ ಕಾರ್ಡಿನ ಮೇಲೆ ಅವರ ಪೂರ್ತಿ ಹೆಸರಿದೆ. 1969ರದ್ದಕ್ಕೆ ಮಡಿಕೆಯಿಲ್ಲದ ಕಾರ್ಡು ಎರಡು ಸಲ ಸಿಕ್ಕಿತು, ಬದಲಾಯಿಸಲಿಲ್ಲ. ಮೊದಲ ಹಾಳೆಯ ಮೊದಲ ಕಿಸೆ ಖಾಲಿ. ಲಕೋಟೆಯಲ್ಲಿ ಈಗ 1,140 ಡಾಲರ್ ಇದೆ. ನನ್ನ ಲೆಕ್ಕದಲ್ಲಿ ಇನ್ನು ಒಂದೂವರೆ ವರ್ಷ.