ಬೆನ್ನಿಗೆ ಸೂಜಿ ಮಾಡಿಸುವ ಮುನ್ನ, ಮಾಡಿಸಿದ ಮೇಲೆ

ಇಳಕಲ್ಲಿನ ನಮ್ಮ ಓಣಿಯಲ್ಲಿ ಈಗ ಯಾರಿಗೆ ಸೊಂಟ ಹಿಡಿದರೂ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ನಾನು ಡಾಕ್ಟರಲ್ಲ, 31 ವರ್ಷ ಕುಣಿ ಮಗ್ಗದಲ್ಲಿ ಸೀರೆ ನೇಯ್ದವಳು. ಹೋದ ವರ್ಷ ಬಾಗಲಕೋಟೆಗೆ ಹೋಗಿ ಎಪಿಡ್ಯೂರಲ್ ಸ್ಟಿರಾಯ್ಡ್ ಇಂಜೆಕ್ಷನ್, ಅಂದರೆ ಬೆನ್ನೆಲುಬಿನೊಳಗೆ ನರದ ಬೇರಿನ ಹತ್ತಿರ ಔಷಧ ಬಿಡುವ ಸೂಜಿ, ಮಾಡಿಸಿಕೊಂಡು ಬಂದವಳು ಎಂಬುದಷ್ಟೇ ನನ್ನ ಅರ್ಹತೆ. ಹೇಳಿದ್ದನ್ನೇ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನೋವಿನ ದಾರಿ ಯಾವುದೆಂದು ನೋಡಿಕೊಳ್ಳಿ. ನನ್ನದು ಎಡ ಪಿರ್ರೆಯಲ್ಲಿ ಹುಟ್ಟಿ, ತೊಡೆಯ ಹಿಂಬದಿಯಿಂದ ಇಳಿದು, ಮೀನಖಂಡದ ಹೊರಬದಿಗೆ ತಿರುಗಿ, ಪಾದದ ಮೇಲೆ ಹರಿದು ಹೆಬ್ಬೆರಳಿಗೆ ಮುಟ್ಟುತ್ತಿತ್ತು. ಸೀನಿದರೂ ಚಳುಕು. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಜೋಮು, ಆಮೇಲೆ ಉರಿ. ಸೊಂಟದ ನಾಲ್ಕನೆಯ ಮತ್ತು ಐದನೆಯ ಎಲುಬುಗಳ ನಡುವಿನ ಡಿಸ್ಕ್ ಉಬ್ಬಿ ನರದ ಬೇರನ್ನು ಒತ್ತುತ್ತಿದೆ ಎಂದು ಎಂ.ಆರ್.ಐ.ಯಲ್ಲಿ ಕಂಡಿತು. ಈ ಸೂಜಿ ಇಂಥ ನೋವಿಗೆ. ಡಿಸ್ಕನ್ನು ಅದು ಒಳಗೆ ತಳ್ಳುವುದಿಲ್ಲ, ಒತ್ತಿಸಿಕೊಂಡು ಕೆರಳಿದ ನರದ ಸುತ್ತಲಿನ ಉರಿಯೂತವನ್ನು ಇಳಿಸುತ್ತದೆ. ಹಣಿಗೆಯಲ್ಲಿ ಎಳೆ ಸಿಕ್ಕಿಕೊಂಡು ಉಬ್ಬಿದರೆ ಮೊದಲು ಹಾಸನ್ನು ಸಡಿಲಿಸುತ್ತೇವಲ್ಲ, ಅಷ್ಟೇ ಕೆಲಸ. ಗಂಟು ಬಿಡಿಸುವುದು ಬೇರೆ.

ನನ್ನ ನಾದಿನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಪಾದ ಉರಿಯುತ್ತವೆ. ತಾನೂ ಬೆನ್ನಿಗೆ ಸೂಜಿ ಮಾಡಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಅವಳ ನೋವು ಪಾದದ ನರಗಳಲ್ಲೇ ಇರುವುದು. ಅದಕ್ಕೆ ಸಕ್ಕರೆ ಹತೋಟಿ, ಪ್ರಿಗ್ಯಾಬಲಿನ್‌ನಂಥ ಮಾತ್ರೆ. ಸರ್ಪಸುತ್ತು ಬಂದು ಹೋದ ಮೇಲೆ ಉಳಿಯುವ ಉರಿಗೂ ಮುಖದ ನರದ ನೋವಿಗೂ ಕೊಡುವ ಸೂಜಿಗಳು ಬೇರೆ, ಜಾಗವೂ ಬೇರೆ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಹೊರಡಬೇಡಿ.

ಇನ್ನೊಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ ಹೇಳುತ್ತೇನೆ. ಒಂದು ದವಾಖಾನೆಯಲ್ಲಿ ನನಗೆ ಮೂರು ತಿಂಗಳು ವಾರಕ್ಕೊಂದರಂತೆ ಸೊಂಟದ ಕೆಳಗೆ ಸೂಜಿ ಚುಚ್ಚಿದರು. ಯಾವ ಔಷಧ ಎಂದರೆ 'ನರಕ್ಕೆ ಶಕ್ತಿ' ಎಂಬ ಉತ್ತರ. ಚೀಟಿಯಿಲ್ಲ, ಹೆಸರಿಲ್ಲ. ಮಾಂಸಖಂಡಕ್ಕೆ ಕೊಡುವ ಬಿ12 ಸೂಜಿಗೂ ನಾನು ಹೇಳುತ್ತಿರುವುದಕ್ಕೂ ಸಂಬಂಧವಿಲ್ಲ. ಬಿ12 ಕೊರತೆ ಇದ್ದವರಿಗೆ ಅದು ಬೇಕು, ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ. ಆದರೆ ಪಿರ್ರೆಯಲ್ಲಿ ತಪ್ಪು ಜಾಗಕ್ಕೆ ಚುಚ್ಚಿದರೆ ಅಲ್ಲಿಂದ ಕಾಲಿಗೆ ಇಳಿಯುವ ಸಯಾಟಿಕ್ ನರಕ್ಕೇ ಪೆಟ್ಟಾಗಬಹುದು. ಹೆಸರು ಹೇಳದ ಔಷಧಕ್ಕೆ ಮೈ ಕೊಡಬೇಡಿ.

ನೋವು ಶುರುವಾಗಿ ಹದಿನೈದು ದಿನಕ್ಕೇ ಬೆನ್ನಿನ ಸೂಜಿಗೆ ಓಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ಹೆಚ್ಚಿನವರಿಗೆ ಮಾತ್ರೆ, ನಡಿಗೆ, ವ್ಯಾಯಾಮದಲ್ಲೇ ಆರರಿಂದ ಹನ್ನೆರಡು ವಾರದೊಳಗೆ ಇಳಿಯುತ್ತದೆ. ನನಗೆ ಐದು ತಿಂಗಳಾದರೂ ಇಳಿಯಲಿಲ್ಲ.

ಯಾರನ್ನು ಕಾಣಬೇಕು? ನಾನು ಎಲುಬಿನ ಡಾಕ್ಟರ ಸಾಲಿನಲ್ಲಿ ಅರ್ಧ ದಿನ ಕೂತ ಮೇಲೆ ತಿಳಿಯಿತು, ನೋವಿನ ಚಿಕಿತ್ಸಾ ವಿಭಾಗವನ್ನು ಹೆಚ್ಚಾಗಿ ಅರಿವಳಿಕೆ ತಜ್ಞರು ನಡೆಸುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ಹೋದ ಕೂಡಲೇ 'ಪೇನ್ ಕ್ಲಿನಿಕ್ ಯಾವ ವಾರ ಇರುತ್ತದೆ' ಎಂದು ಕೇಳಿ. ಬಿಪಿಎಲ್ ಕಾರ್ಡು ಇದ್ದರೆ ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರ ಕೌಂಟರಿನಲ್ಲಿ ಖರ್ಚಿನ ಮಾತನ್ನು ಮೊದಲೇ ಮುಗಿಸಿಕೊಳ್ಳಿ.

ಡಾಕ್ಟರರನ್ನು ನಾನು ಕೇಳಿದ ಮೊದಲ ಪ್ರಶ್ನೆ, ಎಕ್ಸ್‌ರೇ ನೋಡುತ್ತಲೇ ಸೂಜಿ ಹಾಕುತ್ತೀರಾ ಎಂಬುದು. ಸಿ-ಆರ್ಮ್ ಎಂಬ ಅರ್ಧ ಬಳೆಯಂಥ ಯಂತ್ರ ಇರಬೇಕು. ಎರಡನೆಯದು, ಯಾವ ಬಾಗಿಲಿನಿಂದ? ಬೆನ್ನೆಲುಬುಗಳ ನಡುವಿನಿಂದ, ನರ ಹೊರಬರುವ ಪಕ್ಕದ ಕಿಂಡಿಯಿಂದ, ಬಾಲದೆಲುಬಿನ ಹತ್ತಿರದ ಕೆಳಗಿನ ಸಂದಿನಿಂದ ಎಂದು ಮೂರು ದಾರಿಗಳಿವೆ. ನನ್ನದು ಪಕ್ಕದ ಕಿಂಡಿ. ಮೂರನೆಯದು ಸ್ಟಿರಾಯ್ಡಿನ ಹೆಸರು. ಪಕ್ಕದ ಕಿಂಡಿಯಿಂದ ಹಾಕುವಾಗ ಕಣಗಳಿಲ್ಲದ ಡೆಕ್ಸಾಮೆಥಾಸೋನ್ ಹೆಚ್ಚು ಸುರಕ್ಷಿತ ಎಂದರು. ಕಣಗಳಿರುವ ಔಷಧ ಆಕಸ್ಮಾತ್ ರಕ್ತನಾಳಕ್ಕೆ ಹೋದರೆ ಅಡ್ಡಗಟ್ಟಬಹುದಂತೆ. ಅಪರೂಪ, ಆದರೆ ಹಾಗಾದರೆ ಅಪಾಯ ದೊಡ್ಡದು. ಕೇಳಿದ್ದಕ್ಕೆ ಅವರು ಬೇಸರಿಸಲಿಲ್ಲ. ಬೇಸರಿಸುವವರಾದರೆ ಇನ್ನೊಬ್ಬರ ಹತ್ತಿರ ಹೋಗಿ.

ತಯಾರಿಗೆ ನಾನು ಚೀಟಿ ಬರೆಯಲಿಲ್ಲ. ಮನೆಯಲ್ಲಿ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿದೆ. ಅದೇ ಒಳ್ಳೆಯದು. ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ಇದ್ದರೆ ಎಷ್ಟು ದಿನ ನಿಲ್ಲಿಸಬೇಕೆಂದು ಹೃದಯದ ಡಾಕ್ಟರೂ ಇವರೂ ಸೇರಿ ಹೇಳಬೇಕು. ನೀವಾಗಿಯೇ ನಿಲ್ಲಿಸಬೇಡಿ, ಮುಚ್ಚಿಡಲೂ ಬೇಡಿ. ಜ್ವರ, ಬೆನ್ನಿನ ಮೇಲೆ ಕುರು, ಗರ್ಭಿಣಿಯಾಗಿರುವುದು, ಔಷಧದ ಅಲರ್ಜಿ ಎಲ್ಲವನ್ನೂ ಹೇಳಿ. ನನಗೆ ಸಕ್ಕರೆ ಇದೆ. ಆ ಬೆಳಿಗ್ಗೆ ಯಾವ ಮಾತ್ರೆ ನುಂಗಬೇಕು, ಎಷ್ಟು ಹೊತ್ತು ಉಪವಾಸ ಎಂದು ಬರೆಸಿಕೊಂಡಿದ್ದೆ. ಜೊತೆಗೆ ಒಬ್ಬರು ಬೇಕೇ ಬೇಕು. ನನ್ನೊಂದಿಗೆ ಮಗ ಬಂದಿದ್ದ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಹಾಕಿದೆ.

ಮೇಜಿನ ಮೇಲೆ ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ದಿಂಬು ಇಟ್ಟರು. ಬೆನ್ನಿಗೆ ತಣ್ಣಗಿನ ಔಷಧ ಬಳಿದರು. ಮೊದಲು ಚರ್ಮ ಮರಗಟ್ಟಿಸುವ ಸಣ್ಣ ಸೂಜಿ. ಇಡೀ ಕೆಲಸದಲ್ಲಿ ಉರಿದದ್ದು ಅದೊಂದೇ, ಕಟ್ಟಿರುವೆ ಕಚ್ಚಿದ ಹಾಗೆ. ಆಮೇಲೆ ಉದ್ದನೆಯದು, ಅದು ಒತ್ತಡ ಮಾತ್ರ. ಸೂಜಿ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಲು ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟಾಗ ನನ್ನ ಹಳೆಯ ಚಳುಕು ಹೆಬ್ಬೆರಳಿನ ತನಕ ಒಮ್ಮೆ ಓಡಿತು. 'ಅವ್ವಾ, ಅದೇ ನೋವಾ?' ಎಂದರು. 'ಅದೇ ಸಾಹೇಬರೇ' ಎಂದೆ. ಆಗ ಔಷಧ ಬಿಟ್ಟರು. ಅಲುಗಾಡಬೇಡಿ, ಆದರೆ ಬಾಯಿ ಮುಚ್ಚಿಕೊಂಡು ಸಹಿಸಲೂ ಬೇಡಿ. ಕಾಲಿನಲ್ಲಿ ಏನಾಗುತ್ತಿದೆ ಎಂದು ನೀವು ಹೇಳಿದರೇ ಅವರಿಗೆ ಅನುಕೂಲ. ಎಲ್ಲ ಸೇರಿ ಇಪ್ಪತ್ತು ನಿಮಿಷ, ನಂತರ ಒಂದು ತಾಸು ಅಲ್ಲೇ ಮಲಗಿಸಿದ್ದರು.

ಇನ್ನು ಎಲ್ಲರೂ ಮೋಸ ಹೋಗುವ ಜಾಗ. ಎದ್ದು ನಿಂತಾಗ ನೋವೇ ಇರಲಿಲ್ಲ. ಕಾಲು ಹತ್ತಿ ತುಂಬಿದಂತೆ ಹಗುರವಾಗಿತ್ತು. ಬಸ್ಸು ಅಮೀನಗಡದಲ್ಲಿ ನಿಂತಾಗ ಮಗ ಕರದಂಟಿನ ಪೊಟ್ಟಣ ಹಿಡಿದು ಬಂದ. ಸಂತೋಷಕ್ಕೆ ಎರಡು ತುಂಡು ತಿಂದೆ. ಮರುದಿನ ಬೆಳಿಗ್ಗೆ ಚಳುಕು ಇದ್ದ ಹಾಗೇ ಹಾಜರು, ಸಕ್ಕರೆ 268. ದುಡ್ಡೂ ಹೋಯಿತು, ಬೆನ್ನೂ ಹೋಯಿತು ಎಂದು ಅತ್ತುಬಿಟ್ಟೆ.

ಸೊಸೆ ಡಾಕ್ಟರಿಗೆ ಫೋನ್ ಮಾಡಿದ ಮೇಲೆ ವಿಷಯ ಬಯಲಾಯಿತು. ಸೂಜಿಯಲ್ಲಿ ಎರಡು ಔಷಧಗಳಿರುತ್ತವೆ. ಮರಗಟ್ಟಿಸುವ ಔಷಧ ಕೆಲವು ತಾಸು ಮಾತ್ರ ಇರುತ್ತದೆ, ಮೊದಲ ದಿನದ ಸುಖ ಅದರದು. ಸ್ಟಿರಾಯ್ಡ್ ಕೆಲಸ ಶುರು ಮಾಡಲು ಎರಡು-ಮೂರು ದಿನ, ಕೆಲವರಿಗೆ ವಾರಕ್ಕೂ ಹೆಚ್ಚು ಬೇಕು. ಸಕ್ಕರೆ ಏರಿಸುವುದೂ ಅದೇ ಸ್ಟಿರಾಯ್ಡ್. ಕರದಂಟು ಅದಕ್ಕೆ ಕೈ ಜೋಡಿಸಿತ್ತು ಅಷ್ಟೇ. ಸಕ್ಕರೆ ಇರುವವರು ಒಂದು ವಾರ ದಿನವೂ ಪರೀಕ್ಷಿಸಿಕೊಳ್ಳಿ. ನನ್ನದು ಆರನೆಯ ದಿನ ಹಳೆಯ ಮಟ್ಟಕ್ಕೆ ಬಂತು. ಮುಖ ಕೆಂಪೇರುವುದು, ಒಂದೆರಡು ರಾತ್ರಿ ನಿದ್ದೆ ಬಾರದಿರುವುದು ಹೆದರುವಂಥದ್ದಲ್ಲ. ಆ ದಿನ ಗಾಡಿ ಓಡಿಸಬೇಡಿ, ಮೆಟ್ಟಿಲು ಇಳಿಯುವಾಗ ಯಾರದಾದರೂ ಹೆಗಲು ಹಿಡಿಯಿರಿ. ಮರಗಟ್ಟಿದ ಕಾಲಿಗೆ ನೆಲ ಗೊತ್ತಾಗುವುದಿಲ್ಲ.

ಎದ್ದು ಕೂತರೆ ಸಿಡಿದು, ಮಲಗಿದರೆ ಇಳಿಯುವ ತಲೆನೋವು ಬಂದರೆ ಡಾಕ್ಟರಿಗೆ ತಿಳಿಸಿ. ಜ್ವರ ಬಂದು ಬೆನ್ನುನೋವು ಹೆಚ್ಚಾಗುವುದು, ಪಾದ ಎತ್ತಲಾಗದಿರುವುದು, ಕುಳಿತುಕೊಳ್ಳುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಸೂಜಿ ಮಾಡಿಸದವರಿಗೂ ಇದೇ ಮಾತು.

ಸೂಜಿ ಫಲ ಕೊಟ್ಟಿತೇ ಎಂದು ಅಳೆಯಲು ನಾನು ಮಗ್ಗದ ಲೆಕ್ಕದ ಪುಸ್ತಕದ ಹಿಂದಿನ ಪುಟ ಬಳಸಿದೆ. ಹತ್ತಕ್ಕೆ ಎಷ್ಟು ನೋವು ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ. ನನಗೆ ಆ ಲೆಕ್ಕ ಹಿಡಿತಕ್ಕೆ ಬರಲಿಲ್ಲ. ಏಳದೆ ಎಷ್ಟು ನೇಯ್ದೆ ಎಂದು ಬರೆದೆ. ಸೂಜಿಗೆ ಮುಂಚೆ ಅರ್ಧ ಗೇಣು. ಐದನೆಯ ದಿನ ಒಂದು ಗೇಣು. ಮೂರನೆಯ ವಾರ ಒಂದು ಮೊಳ, ಅದೂ ಗೋಮಿ ಅಂಚಿನ ಸೀರೆ. ಕೆಲವರಿಗೆ ಏನೂ ಬದಲಾಗುವುದಿಲ್ಲ, ಅದನ್ನೂ ಬರೆದಿಡಿ.

ಈ ಇಳಿತ ಕೆಲವು ವಾರ, ಅದೃಷ್ಟವಿದ್ದರೆ ಕೆಲವು ತಿಂಗಳು ಇರುತ್ತದೆ. ಅಷ್ಟರೊಳಗೆ ಫಿಸಿಯೋಥೆರಪಿ ಕಲಿತುಕೊಳ್ಳಬೇಕು, ಕೂರುವ ರೀತಿ ಬದಲಿಸಬೇಕು. ನಾನು ಕುಣಿಯ ಅಂಚಿಗೆ ಕೌದಿ ಮಡಚಿ ಇಟ್ಟು ಕೂರುವ ಜಾಗ ಎತ್ತರಿಸಿದೆ. ಅರ್ಧ ಗಂಟೆಗೊಮ್ಮೆ ಎದ್ದು ಹಿತ್ತಲಿಗೆ ಹೋಗಿ ಬರುತ್ತೇನೆ. 'ಅತ್ತೆಯವರೇ, ಹಿತ್ತಲಲ್ಲಿ ಏನು ಬಚ್ಚಿಟ್ಟಿದ್ದೀರಿ' ಎಂದು ಸೊಸೆ ನಗುತ್ತಾಳೆ.

ಎಂಟು ತಿಂಗಳ ಮೇಲೆ ನೋವು ಸ್ವಲ್ಪ ಮರಳಿದಾಗ ಪುಸ್ತಕ ತೆಗೆದುಕೊಂಡು ಹೋದೆ. ಡಾಕ್ಟರು ಪುಟ ತಿರುಗಿಸಿ, ಇನ್ನೂ ಒಂದು ಗೇಣಿಗಿಂತ ಹೆಚ್ಚು ಕೂರುತ್ತೀರಿ, ಈಗ ಸೂಜಿ ಬೇಡ ಎಂದರು. ಸ್ಟಿರಾಯ್ಡನ್ನು ವರ್ಷಕ್ಕೆ ಮೂರು-ನಾಲ್ಕು ಸಲಕ್ಕಿಂತ ಹೆಚ್ಚು ಸಾಮಾನ್ಯವಾಗಿ ಕೊಡುವುದಿಲ್ಲ, ಎಲುಬು ಸವೆಯುತ್ತದೆ. ಬೇರೆ ಊರಿನಲ್ಲಿ ಮಂಡಿಗೋ ಭುಜಕ್ಕೋ ಕೊಟ್ಟ ಸ್ಟಿರಾಯ್ಡೂ ಆ ಲೆಕ್ಕಕ್ಕೇ ಸೇರುತ್ತದೆ. ಆದ್ದರಿಂದ ಔಷಧದ ಹೆಸರು, ಪ್ರಮಾಣ, ತಾರೀಖು ಇರುವ ಬಿಡುಗಡೆ ಚೀಟಿಯನ್ನು ಕೇಳಿ ಪಡೆಯಿರಿ. ನನ್ನದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಟ್ಟಿದ್ದೇನೆ.